ನಾಯಿಗೆ ಬೀಚು ಮುಚ್ಚುವ ಮೊದಲು ಒಣ ಮರಳನ್ನು ನೋಡಿ

ಬೀಚಿನ ದಾರಿಯಲ್ಲಿ ‘ನಾಯಿಗಳಿಗೆ ಪ್ರವೇಶವಿಲ್ಲ’ ಅಂತ ಬೋರ್ಡು ನೆಟ್ಟರೆ ಸ್ವಚ್ಛತೆಯ ಕೆಲಸ ಮುಗಿಯಿತು ಅನ್ನುವವರಿದ್ದಾರೆ. ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ, ಸಮುದ್ರ ಎಲ್ಲರದ್ದೂ ಅನ್ನುವ ಮಾಲೀಕರೂ ಇದ್ದಾರೆ. ಮಲ ಎಲ್ಲಿ ಬಿತ್ತು, ಎಷ್ಟು ಹೊತ್ತು ಅಲ್ಲೇ ಇತ್ತು ಎಂಬ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ನಿಯಮ ಕಟ್ಟಬೇಕಾದದ್ದು ಅದರ ಮೇಲೆ.

ಉಬ್ಬರ ದಿನಕ್ಕೆರಡು ಸಲ ತೊಳೆದು ಹೋಗುವ ಗಟ್ಟಿ ಮರಳು ಬೇರೆ, ಉಬ್ಬರದ ಗೆರೆಗಿಂತ ಮೇಲಿರುವ ಸಡಿಲ ಮರಳು ಬೇರೆ. ನಾಯಿಯ ಮಲದ ಜೊತೆ ಬೀಳುವ ಕೊಕ್ಕೆಹುಳದ ಮೊಟ್ಟೆಗೆ ನೆರಳು, ತುಸು ತೇವ, ಬೆಚ್ಚಗಿನ ಹವೆ ಸಿಕ್ಕರೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಐದರಿಂದ ಹತ್ತು ದಿನದಲ್ಲಿ ಆ ಮರಿ ಬರಿಗಾಲಿನ ಚರ್ಮದೊಳಗೆ ಇಳಿಯುವಷ್ಟು ಬೆಳೆದಿರುತ್ತದೆ. ಆಮೇಲೆ ಪಾದದಲ್ಲೋ ತೊಡೆಯಲ್ಲೋ ಕೆಂಪು ಗೆರೆ ಅಂಕುಡೊಂಕಾಗಿ ದಿನದಿನಕ್ಕೂ ಮುಂದೆ ಹರಿಯುತ್ತದೆ, ರಾತ್ರಿ ನಿದ್ದೆ ಬಾರದಷ್ಟು ತುರಿಕೆ. ಅದೇ ಮಲದಲ್ಲಿರುವ ದುಂಡುಹುಳದ ಮೊಟ್ಟೆ ನಿಧಾನ: ಸೋಂಕು ತಗುಲಿಸುವ ಹಂತಕ್ಕೆ ಬರಲು ಎರಡು ಮೂರು ವಾರ ಬೇಕು. ಆದರೆ ಒಮ್ಮೆ ಆ ಹಂತಕ್ಕೆ ಬಂತೆಂದರೆ ತಿಂಗಳುಗಟ್ಟಲೆ ಬದುಕಿರುತ್ತದೆ, ಮರಳಾಡುವ ಮಗುವಿನ ಉಗುರಿನ ಸಂದಿಯಿಂದ ಬಾಯಿಗೆ ಹೋಗುತ್ತದೆ.

ಈ ದಿನಗಳ ಲೆಕ್ಕವನ್ನು ಸರಿಯಾಗಿ ಗಮನಿಸಿ. ಬಿದ್ದ ಕೂಡಲೇ ಎತ್ತಿದರೆ ಹುಳದ ಸರಪಳಿ ಅಲ್ಲಿಗೇ ತುಂಡಾಯಿತು. ಕಾಲಲ್ಲಿ ಮರಳು ಎಳೆದು ಮುಚ್ಚಿದರೆ ಅದಕ್ಕೆ ಬೇಕಾದ ನೆರಳು, ತೇವ ಎರಡನ್ನೂ ನಾವೇ ಕೊಟ್ಟಂತಾಯಿತು. ಹೂತು ಹೋಗುವುದು ಬಿಟ್ಟು ಹೋಗುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಆಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎತ್ತುವುದಕ್ಕೂ ಒಂದು ಕ್ರಮ ಇದೆ. ಚೀಲದೊಳಗೆ ಕೈ ಹಾಕಿ ಮೇಲಿಂದ ಹಿಡಿದರೆ ಸಾಲದು. ಅಡಿಯ ಎರಡು ಬೆರಳಷ್ಟು ಮರಳನ್ನೂ ಸೇರಿಸಿ ಬಾಚಬೇಕು. ತೆಳ್ಳಗೆ ಆಗಿದ್ದರೆ ಮೇಲೆ ಒಣ ಮರಳು ಉದುರಿಸಿ, ಅರ್ಧ ನಿಮಿಷ ಬಿಟ್ಟು, ಸಣ್ಣ ಕರಣೆಯಿಂದ ಅಡಿಯಿಂದ ಎತ್ತಿ. ಮರಳು ಸೇರಿದ ಚೀಲ ಭಾರವಾಗಿ ಹರಿಯುತ್ತದೆ, ಅದಕ್ಕೇ ಎರಡು ಚೀಲ. ‘ಕೊಳೆಯುವ ಚೀಲ’ ಅಂತ ಬರೆದಿದ್ದರೂ ಮರಳಲ್ಲಿ ಬಿಟ್ಟು ಬರುವಂತಿಲ್ಲ. ಅವು ಕರಗಲು ಬೇಕಾದ ಬಿಸಿ ಬೀಚಿನಲ್ಲಿ ಸಿಗುವುದಿಲ್ಲ.

ಬೀಚಿನಲ್ಲಿ ನಾಯಿಗೆ ಭೇದಿ ಆಗಲು ಒಂದು ಸಾಮಾನ್ಯ ಕಾರಣ ಉಪ್ಪು ನೀರು. ಚೆಂಡು ಕಚ್ಚಿ ತರುವಾಗ ಪ್ರತಿ ಸಲ ಒಂದು ಗುಟುಕು ಒಳಗೆ ಹೋಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ನೀರಿಂದ ಹೊರಗೆ ಕರೆದು ಸಿಹಿನೀರು ಕುಡಿಸಿ. ಉಪ್ಪು ನೀರು ಜಾಸ್ತಿ ಕುಡಿದರೆ ವಾಂತಿ, ತೂರಾಟ, ಸೆಳವು ಬರುತ್ತದೆ, ಜೀವಕ್ಕೇ ಅಪಾಯ. ಇನ್ನು, ಬಹಳ ನಾಯಿಗಳು ಓಡಾಡಲು ಶುರುಮಾಡಿದ ಸ್ವಲ್ಪ ಹೊತ್ತಿನಲ್ಲೇ ಮಲ ಹಾಕುತ್ತವೆ. ಹಾಗಾಗಿ ಮರಳಿಗೆ ಇಳಿಯುವ ಮುಂಚೆ ರಸ್ತೆ ಬದಿಯಲ್ಲೇ ಕಾಲು ಗಂಟೆ ನಡೆಸಿ, ಅಲ್ಲಿಯೂ ಎತ್ತಿ. ಜಂತುಹುಳದ ಮಾತ್ರೆ ಮೂರು ತಿಂಗಳಿಗೊಮ್ಮೆ; ಮರಿಗಳಿಗೆ ಇನ್ನೂ ಬೇಗ ಬೇಗ, ವೈದ್ಯರು ಹೇಳಿದಂತೆ.

ಈಗ ಮಾನದಂಡಗಳ ವಿಷಯ. ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಬಾವುಟ ಬ್ಲೂ ಫ್ಲ್ಯಾಗ್ ಸಿಗಬೇಕಾದರೆ 100 ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಾಗಳಾದ ಎಂಟರೋಕಾಕೈ 100, ಇ. ಕೋಲೈ 250 ಮೀರಬಾರದು. ಲೆಕ್ಕ ಹಾಕುವುದು ಒಂದು ದಿನದ ಮಾದರಿಯಿಂದಲ್ಲ, ಅಷ್ಟೂ ಮಾದರಿಗಳ 95ನೇ ಪರ್ಸೆಂಟೈಲ್‌ನಿಂದ, ಅಂದರೆ ಸರಿಸುಮಾರು ನೂರಕ್ಕೆ 95 ಮಾದರಿ ಮಿತಿಯೊಳಗಿರಬೇಕು. ನಾಯಿಗಳ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವೂ ಷರತ್ತೇ. ಸಹಾಯಕ ನಾಯಿಗಳಿಗೆ ಮಾತ್ರ ವಿನಾಯಿತಿ. ಆದರೆ ಆ ಬಾವುಟ ಬೀಚಿನಲ್ಲಿ ಗುರುತು ಹಾಕಿದ ಒಂದು ಭಾಗಕ್ಕೆ ಸೇರಿದ್ದು, ಇಡೀ ಕರಾವಳಿಗಲ್ಲ. ಅದರಾಚೆ ನಾಯಿಗೆ ಜಾಗ ಕೊಡಲು ಅದು ಅಡ್ಡಿ ಬರುವುದಿಲ್ಲ.

ನನ್ನ ತಕರಾರು ಬೇರೆ: ನಾವು ಅಳೆಯುವುದು ನೀರನ್ನು, ಮಕ್ಕಳು ಕೂರುವುದು ಮರಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಮರಳಿಗೂ ತಾತ್ಕಾಲಿಕ ಮಿತಿ ಹೇಳಿದೆ, ಗ್ರಾಂಗೆ 60 ಎಂಟರೋಕಾಕೈ. ಇದನ್ನು ಅಳೆಯಲು ಹೊಸ ಯಂತ್ರವೇನೂ ಬೇಡ, ನೀರು ನೋಡುವ ಪ್ರಯೋಗಾಲಯವೇ ಮರಳನ್ನೂ ತೊಳೆದು ನೋಡಬಹುದು. ನೀರಿನ ಫಲಿತಾಂಶ ಬರಲು ಒಂದೆರಡು ದಿನ ಹಿಡಿಯುವುದರಿಂದ ಬೋರ್ಡಿನ ಅಂಕಿ ಇವತ್ತಿನದಲ್ಲ ಅನ್ನುವುದೂ ನೆನಪಿರಲಿ. ಇನ್ನೊಂದು ಮಾತು, ಎಂಟರೋಕಾಕೈ ಮನುಷ್ಯ, ಹಕ್ಕಿ, ದನ ಎಲ್ಲರ ಹೊಟ್ಟೆಯಲ್ಲೂ ಇರುತ್ತದೆ. ಮಳೆಯ ಮರುದಿನ ಅಂಕಿ ಜಿಗಿದರೆ ಮೊದಲು ನೋಡಬೇಕಾದದ್ದು ಚರಂಡಿಯನ್ನು. ಯಾರದ್ದೆಂದು ಗೊತ್ತಾಗಬೇಕಾದರೆ ಡಿಎನ್‌ಎ ಗುರುತಿನ ಪರೀಕ್ಷೆ ಇದೆ, ನಾಯಿಯದ್ದು, ಮನುಷ್ಯನದ್ದು ಬೇರೆ ಬೇರೆ ತೋರಿಸುತ್ತದೆ. ಅದನ್ನು ಮಾಡಿಸದೆ ನಾಯಿಯನ್ನು ದೂರುವುದು ಅನ್ಯಾಯ.

ಹಾಗಾಗಿ ನಾನು ಕೇಳುವುದು ಇಷ್ಟು. ಬೀಚಿನ ಒಂದು ತುದಿಯಲ್ಲಿ ನಾಯಿಗಳಿಗೆಂದೇ ಒಂದಿಷ್ಟು ಜಾಗ, ಬೆಳಿಗ್ಗೆ ಒಂಬತ್ತರವರೆಗೆ. ಮರಳು ಕಾದ ಮೇಲೆ ಅವುಗಳ ಪಾದಕ್ಕೂ ಒಳ್ಳೆಯದಲ್ಲ. ಅಂಗೈ ಹಿಂಭಾಗ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿ ಇಳಿಸಬೇಡಿ. ಒಣ ಮರಳು ದಾಟುವವರೆಗೆ ಬೆಲ್ಟ್ ಕಡ್ಡಾಯ, ಒದ್ದೆ ಮರಳಿಗೆ ಬಂದ ಮೇಲೆ ಕರೆದರೆ ಬರುವ ನಾಯಿಗಷ್ಟೇ ಬಿಡುಗಡೆ. ಆಮೆ, ಹಕ್ಕಿ ಮೊಟ್ಟೆ ಇಡುವ ತಿಂಗಳಲ್ಲಿ ಆ ಜಾಗ ಪೂರ್ತಿ ಬಂದ್, ಇದರಲ್ಲಿ ಚೌಕಾಸಿ ಬೇಡ. ಕಸದ ಡಬ್ಬಿ ಮುಚ್ಚಳದ್ದಿರಲಿ, ಇಳಿಯುವ ದಾರಿಯಲ್ಲೇ, ದೊಡ್ಡ ಉಬ್ಬರ ಮುಟ್ಟದಷ್ಟು ಮೇಲೆ. ದಿನಾ ಖಾಲಿ ಮಾಡುವವರು ಯಾರೆಂದು ಮೊದಲೇ ಗೊತ್ತುಮಾಡಿ. ತುಂಬಿ ಚೆಲ್ಲಿದ ಡಬ್ಬಿಯ ಸುತ್ತ ಚೀಲಗಳ ರಾಶಿ ಬಿದ್ದರೆ ಬೀದಿನಾಯಿ, ಕಾಗೆ ಅದನ್ನು ಬೀಚಿಗೇ ವಾಪಸ್ ಹರಡುತ್ತವೆ, ಬೈಗುಳ ಮಾತ್ರ ಚೀಲ ಕಟ್ಟಿ ಹಾಕಿದವರಿಗೆ.