ದಂಡೆ ಬೇರೆ, ಪಾತ್ರ ಬೇರೆ

ನಿನ್ನೆ ರಾತ್ರಿ ಮನೆ ತಲುಪಿದೆ. ಬಟ್ಟೆಗೆ ಹತ್ತಿದ ಹೊಗೆಯ ವಾಸನೆ ಹೋಗಿಲ್ಲ, ಬೂಟಿನೊಳಗಿನ ಮರಳು ಹೋಗಿಲ್ಲ, ಸಿಟ್ಟಂತೂ ಸುತರಾಂ ಹೋಗಿಲ್ಲ. ಆರು ಮಂದಿ ಗೆಳೆಯರು ಎರಡು ಕಾರುಗಳಲ್ಲಿ ಒಂಬತ್ತು ಗಂಟೆ ಬೆಟ್ಟ ಹತ್ತಿ ಇಳಿದು, ಹಿಮ ಕರಗಿ ಹರಿಯುವ ಹೊಳೆಯೊಂದರ ಪಕ್ಕದ ಶಿಬಿರದಲ್ಲಿ ಎರಡು ರಾತ್ರಿ ಕಳೆದು ಬಂದ ಕಥೆಯ ಫೋಟೋಗಳನ್ನು ಉಳಿದ ಐವರು ಈಗಾಗಲೇ ಇಲ್ಲಿ ಹಾಕಿದ್ದಾರೆ, ನೀವೆಲ್ಲ ಧಾರಾಳವಾಗಿ ಮೆಚ್ಚಿಯೂ ಇದ್ದೀರಿ. ಆ ಫೋಟೋಗಳಲ್ಲಿ ನೀರಿನಿಂದ ಏಳೆಂಟು ಹೆಜ್ಜೆ ದೂರದಲ್ಲಿ ಸಾಲಾಗಿ ನಿಂತಿರುವ ಕಿತ್ತಳೆ ಬಣ್ಣದ ಡೇರೆಗಳಿವೆಯಲ್ಲ, ಅವುಗಳಲ್ಲಿ ನಾನು ಮಲಗಲಿಲ್ಲ. ಏಕೆ ಮಲಗಲಿಲ್ಲ ಎಂದು ಇಬ್ಬರು ಒಳಪೆಟ್ಟಿಗೆಯಲ್ಲಿ ಕೇಳಿದ್ದಾರೆ. ನನ್ನನ್ನು ಬಲ್ಲವರಿಗೆ ಉತ್ತರ ಗೊತ್ತಿರುತ್ತದೆ. ನಾನು ನಮ್ಮ ಗುಂಪಿನ ಅಧಿಕೃತ ವಿಘ್ನಸಂತೋಷಿ, ಆ ಪದವಿಯನ್ನು ಬಹಳ ವರ್ಷಗಳಿಂದ ನಿಷ್ಠೆಯಿಂದ ನಿಭಾಯಿಸುತ್ತ ಬಂದಿದ್ದೇನೆ.

ಶಿಬಿರದವರು ಜಾಹೀರಾತಿನಲ್ಲಿ ಹೇಳಿದ್ದು ‘ಹೊಳೆಯ ದಂಡೆಯಲ್ಲೇ ವಾಸ್ತವ್ಯ’ ಎಂದು. ಸಂಜೆ ಐದರ ಹೊತ್ತಿಗೆ ಕಾರಿನಿಂದಿಳಿದು ಕೆಳಗೆ ಹೋಗಿ ನೋಡಿದರೆ ಆ ಡೇರೆಗಳು ದಂಡೆಯ ಮೇಲಿರಲಿಲ್ಲ, ಹೊಳೆಯ ಪಾತ್ರದೊಳಗಿದ್ದವು. ಇದೇನು ಶಬ್ದಗಳ ಜಗಳ ಎಂದು ನನ್ನ ಗೆಳೆಯರು ನಕ್ಕರು. ಶಬ್ದಗಳ ಜಗಳವಲ್ಲ ಅದು. ಮಣ್ಣಿದ್ದು, ಹುಲ್ಲಿದ್ದು, ತೋಳಗಲದ ಬೊಡ್ಡೆಯ ಮರಗಳಿರುವ ಜಾಗ ದಂಡೆ. ಆ ಮರ ಅಷ್ಟು ವರ್ಷ ಅಲ್ಲಿ ನಿಂತಿದೆ ಎಂಬುದೇ ನೀರು ಅಷ್ಟು ವರ್ಷ ಅದನ್ನು ಕಿತ್ತಿಲ್ಲವೆನ್ನುವುದಕ್ಕೆ ಸಾಕ್ಷಿ. ನಮ್ಮ ಡೇರೆಗಳಿದ್ದಲ್ಲಿ ಒಂದು ಮರವೂ ಇರಲಿಲ್ಲ. ಇದ್ದದ್ದು ಮರಳು ಮತ್ತು ಕುಂಬಳಕಾಯಿ ಗಾತ್ರದ, ಕೈಯಿಂದ ಉಜ್ಜಿ ನಯಮಾಡಿದಂಥ ಉರುಟುಗಲ್ಲುಗಳು. ಆ ಕಲ್ಲುಗಳನ್ನು ಅಲ್ಲಿಗೆ ಹೊತ್ತು ತಂದವರು ಯಾರು, ಅಷ್ಟು ದುಂಡಗೆ ಕಡೆದವರು ಯಾರು ಎಂದು ಒಂದು ಕ್ಷಣ ಯೋಚಿಸಿದರೆ ಸಾಕು. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎಂಬುದು ನದಿಗಳನ್ನು ಓದಿದವರು ಹತ್ತೊಂಬತ್ತನೆಯ ಶತಮಾನದಲ್ಲೇ ಹಾಕಿದ ಲೆಕ್ಕ. ಸಂಜೆ ಪಾದ ತೊಳೆಯಲು ಹಿತವಾಗಿರುವ ಹೊಳೆಗೂ ಕುಂಬಳಕಾಯಿ ಗಾತ್ರದ ಕಲ್ಲನ್ನು ಗೋಲಿಯಂತೆ ಉರುಳಿಸುವ ಹೊಳೆಗೂ ನಡುವೆ ನಾವು ಊಹಿಸುವಷ್ಟು ದೊಡ್ಡ ಅಂತರವೇನೂ ಇಲ್ಲ.

ಇನ್ನೂ ಒಂದನ್ನು ತೋರಿಸಿದೆ. ಡೇರೆಗಳ ಹಿಂದೆ ಒಂದು ಮುಳ್ಳುಪೊದೆಯಿತ್ತು. ಅದರ ಕೊಂಬೆಗಳಿಗೆ ನನ್ನ ಸೊಂಟದೆತ್ತರದಲ್ಲಿ ಒಣಹುಲ್ಲು, ತರಗೆಲೆ, ಒಂದು ಹರಿದ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡಿದ್ದವು, ಎಲ್ಲವೂ ಹೊಳೆ ಹರಿಯುವ ದಿಕ್ಕಿಗೆ ಬಾಚಿದ ಕೂದಲಿನಂತೆ ಒಂದೇ ಕಡೆ ಬಾಗಿದ್ದವು. ಹಕ್ಕಿ ಗೂಡು ಕಟ್ಟಿರಬೇಕು ಎಂದ ಒಬ್ಬ. ಹಕ್ಕಿಯಲ್ಲ ಮಹಾರಾಯ, ಹೊಳೆ ತಾನು ಎಲ್ಲಿಯವರೆಗೆ ಬಂದು ಹೋದೆ ಎಂದು ಗುರುತು ಹಾಕಿಟ್ಟ ಜಾಗ ಅದು.

ಶಿಬಿರದ ಉಸ್ತುವಾರಿಯವರನ್ನು ಕೇಳಿದರೆ, ಮಳೆಯೇ ಇಲ್ಲವಲ್ಲ, ಆಕಾಶ ನೋಡಿ ಎಂದು ಕೈಯೆತ್ತಿ ತೋರಿಸಿದರು. ಆಕಾಶ ನಿಜಕ್ಕೂ ತೊಳೆದಿಟ್ಟಂತೆ ಇತ್ತು. ಆದರೆ ಹಿಮದ ನೀರಿನ ಹೊಳೆಗೆ ಬಿಸಿಲೇ ಮಳೆ. ಹಗಲಿಡೀ ಬಿಸಿಲು ಕಾದಷ್ಟೂ ಮೇಲಿನ ಹಿಮ ಕರಗುತ್ತದೆ, ಕರಗಿದ ನೀರು ಕೆಳಗಿನ ಕಣಿವೆ ಸೇರುವುದಕ್ಕೆ ತಾಸುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಮೂಲದಿಂದ ದೂರವಿರುವ ಶಿಬಿರದಲ್ಲಿ ಹೊಳೆ ಏರುವುದು ನಾವು ನಿದ್ದೆಹೋದ ಮೇಲೆ. ಮೇಲೆಲ್ಲೋ ಅಣೆಕಟ್ಟೆಯೊಂದಿದ್ದರೆ ಅದರ ಬಾಗಿಲು ತೆರೆಯಲಿಕ್ಕೆ ನಮ್ಮ ತಲೆಯ ಮೇಲೆ ಮೋಡ ಕಟ್ಟಬೇಕೆಂಬ ನಿಯಮವೂ ಇಲ್ಲ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳನ್ನೂ ಜೊತೆಯಲ್ಲಿದ್ದ ಪ್ರವಾಸ ವ್ಯವಸ್ಥಾಪಕರೊಬ್ಬರನ್ನೂ ಕೊಚ್ಚಿಕೊಂಡು ಹೋದದ್ದು ಮಳೆಯಲ್ಲ, ಲಾರ್ಜಿ ಜಲಾಶಯದಿಂದ ಬಿಟ್ಟ ನೀರು. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಬಂಡೆ ಮತ್ತು ಮಂಜುಗಡ್ಡೆ ಕುಸಿದು ರಿಷಿಗಂಗಾ ಉಕ್ಕಿದಾಗಲೂ ಅದು ಮಳೆಗಾಲವಾಗಿರಲಿಲ್ಲ. ಸತ್ತವರು, ಕಾಣೆಯಾದವರು ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ. ಇದನ್ನೆಲ್ಲ ಅಲ್ಲಿ ನಿಂತು ಹೇಳಿದೆ. ‘ಶುರುವಾಯಿತು’ ಎಂದು ಒಬ್ಬ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ.

ನನಗೆ ನಿಜವಾಗಿ ಉರಿದದ್ದು ಆ ಹೆಡ್‌ಫೋನಿನವನ ಮೇಲಲ್ಲ, ನಮ್ಮ ಮೊದಲ ಕಾರು ಓಡಿಸಿದವನ ಮೇಲೆ. ಅವನಷ್ಟು ಎಚ್ಚರದ ಚಾಲಕನನ್ನು ನಾನು ನೋಡಿಲ್ಲ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಕೂತರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಎರಡನೆಯ ಗೇರಿನಲ್ಲಿ ಎಂಜಿನ್ನಿನ ಬಲದಿಂದಲೇ ವಾಹನವನ್ನು ತಡೆಯಬೇಕು ಎಂದು ಹಿಂದಿನ ಕಾರಿನವನಿಗೆ ಫೋನಿನಲ್ಲಿ ಇಪ್ಪತ್ತು ಕಿಲೋಮೀಟರ್ ಉದ್ದಕ್ಕೂ ಪಾಠ ಮಾಡಿದವನು, ಸುಟ್ಟ ವಾಸನೆ ಬಂದ ಕೂಡಲೇ ಎರಡೂ ಕಾರುಗಳನ್ನು ಬದಿಗೆ ಹಾಕಿಸಿ ಅರ್ಧ ಗಂಟೆ ಚಕ್ರಗಳನ್ನು ತಣಿಸಿದವನು, ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂದು ಪ್ರತಿ ತಿರುವಿನಲ್ಲೂ ನಿಂತು ಕಾದವನು ಅವನೇ. ಬೆಟ್ಟದ ರಸ್ತೆಗೆ ತನ್ನದೇ ಆದ ಕಟ್ಟಳೆಗಳಿವೆ ಎಂದು ಅಷ್ಟು ವಿನಯದಿಂದ ಒಪ್ಪಿಕೊಂಡ ಮನುಷ್ಯ, ಕಾರಿನ ಬಾಗಿಲು ಹಾಕಿ ಇನ್ನೂರು ಹೆಜ್ಜೆ ಕೆಳಗಿಳಿಯುವಷ್ಟರಲ್ಲಿ ಆ ವಿನಯವನ್ನೆಲ್ಲ ಡಿಕ್ಕಿಯಲ್ಲೇ ಬಿಟ್ಟು ಬಂದಂತೆ, ‘ಹೊಳೆಗೆ ನಮ್ಮ ಮೇಲೇನು ದ್ವೇಷ’ ಎಂದು ಕೇಳಿದ. ದ್ವೇಷವಿಲ್ಲ ಮಾರಾಯ, ಪರಿಚಯವೇ ಇಲ್ಲ. ನಾವು ಯಾರೆಂದು ಅದಕ್ಕೆ ಗೊತ್ತಿಲ್ಲ, ಅದೇ ತೊಂದರೆ.

ಇಷ್ಟು ವರ್ಷಗಳಿಂದ ಇಲ್ಲೇ ಡೇರೆ ಹಾಕುತ್ತಿದ್ದಾರೆ, ಏನೂ ಆಗಿಲ್ಲ, ಪರವಾನಗಿಯಿಲ್ಲದೆ ನಡೆಸಲು ಬಿಡುತ್ತಿದ್ದರೇ ಎಂಬ ಮಾತೂ ಬಂತು. ಈ ವಾದಕ್ಕೆ ತೂಕವಿಲ್ಲವೆಂದು ಹೇಳಲಾರೆ. ಸಾವಿರ ರಾತ್ರಿ ಏನೂ ಆಗದಿರುವುದು ಸುಳ್ಳಲ್ಲ. ಸ್ಪೇನಿನ ಬಿಯೆಸ್ಕಾಸ್ ಎಂಬ ಊರಿನ ಬಳಿ, ಪಿರನೀಸ್ ಬೆಟ್ಟಗಳ ತೊರೆಯೊಂದು ಹೊತ್ತು ತಂದು ಹರಡಿದ ಕಲ್ಲುಮಣ್ಣಿನ ಬೀಸಣಿಗೆಯಂಥ ಇಳಿಜಾರಿನ ಮೇಲೆ ಇದ್ದ ಶಿಬಿರಕ್ಕೂ ಪರವಾನಗಿಯಿತ್ತು, ಅಲ್ಲಿಯೂ ವರ್ಷಗಟ್ಟಲೆ ಏನೂ ಆಗಿರಲಿಲ್ಲ. 1996ರ ಆಗಸ್ಟ್ 7ರ ಸಂಜೆ ಆ ತೊರೆ ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಂತು, 87 ಮಂದಿ ಸತ್ತರು. ಅಲ್ಲಿ ಶಿಬಿರಕ್ಕೆ ಒಪ್ಪಿಗೆ ಕೊಟ್ಟ ಸರ್ಕಾರಗಳೇ ಹೊಣೆಯೆಂದು ನ್ಯಾಯಾಲಯ ಹೇಳಿದ್ದು 2005ರಲ್ಲಿ. ಪರವಾನಗಿಯ ಕಾಗದವನ್ನು ನೀರಿಗೆ ತೋರಿಸಿ ನಿಲ್ಲಿಸಬಹುದೆಂದಿದ್ದರೆ ನಾನೂ ಅದರ ಒಂದು ಪ್ರತಿಯನ್ನು ದಿಂಬಿನಡಿ ಇಟ್ಟುಕೊಂಡು ಅಲ್ಲೇ ಮಲಗುತ್ತಿದ್ದೆ.

ಅಷ್ಟಕ್ಕೂ ಡೇರೆ ನೀರಿಗೆ ಅಷ್ಟು ಹತ್ತಿರ ಏಕಿರಬೇಕು? ಹೊಳೆ ಕಾಣಲಿಕ್ಕೆ ಎನ್ನುವಂತಿಲ್ಲ, ಮೇಲಿನ ಮರಗಳ ಅಡಿಯಿಂದಲೇ ಅದರ ಎರಡು ತಿರುವುಗಳು ಚೆನ್ನಾಗಿ ಕಾಣುತ್ತಿದ್ದವು. ಸದ್ದು ಕೇಳಲಿಕ್ಕೆ ಎನ್ನುವಂತಿಲ್ಲ, ಆ ಸದ್ದು ರಸ್ತೆಗೂ ಕೇಳುತ್ತಿತ್ತು. ನೀರಿನ ಪಕ್ಕದಲ್ಲಾದರೋ ಒಬ್ಬರು ಕೂಗಿದ್ದು ಮೂರು ಡೇರೆಯಾಚೆಗೆ ಕೇಳುತ್ತಿರಲಿಲ್ಲ. ಎಲ್ಲರೂ ಲಾಲಿ ಲಾಲಿ ಎಂದು ಹೊಗಳಿದ ಅದೇ ಸದ್ದಿನಲ್ಲಿ, ನೀರು ಬಂತು ಏಳಿ ಎಂಬ ಕೂಗೂ ಮುಳುಗಿಹೋಗುತ್ತದೆ ಎಂಬುದು ಯಾರ ತಲೆಗೂ ಹೋಗಲಿಲ್ಲ. ಕಾಡುಮೇಡು ಅಲೆಯುವವರು ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಬಿಡಾರ ಹೂಡಬೇಕೆಂದು ಹೇಳುವುದುಂಟು. ಅದು ಹೊಳೆ ಕೊಳಕಾಗದಿರಲಿ, ನೀರು ಕುಡಿಯಲು ಬರುವ ಪ್ರಾಣಿಗಳಿಗೆ ದಾರಿಯಿರಲಿ ಎಂಬ ಕಾರಣಕ್ಕೆ. ನಮ್ಮ ಜೀವ ಉಳಿಯುವುದು ಬಿಟ್ಟಿ ಲಾಭ. ಆದರೆ 60 ಮೀಟರ್ ಹಿಂದಕ್ಕೆ ಹೋದರೆ ಡೇರೆ ಮತ್ತು ನೀರು ಒಂದೇ ಚೌಕಟ್ಟಿನಲ್ಲಿ ಬರುವುದಿಲ್ಲ. ಕಾರಣ ಅಷ್ಟೇ. ಆ ಚೌಕಟ್ಟಿಗಾಗಿ ಹೊಳೆ ನಮಗೆ ಗೋಡೆಗೆ ಅಂಟಿಸುವ ಚಿತ್ರವಾಗಿದೆ.

ರಾತ್ರಿ ಹತ್ತಕ್ಕೆ ನನ್ನ ಡೇರೆಯ ಗೂಟಗಳನ್ನು ಕಿತ್ತು, ಒಬ್ಬನೇ ಎಳೆದುಕೊಂಡು ಹೋಗಿ ಮೇಲಿನ ಮರದಡಿ ಹಾಕಿಕೊಂಡೆ. ಹೋಗುವ ಮುಂಚೆ ನೀರಿನಂಚಿನಲ್ಲಿ ಬಿಳಿ ಪಟ್ಟೆಯ ಒಂದು ಚಪ್ಪಟೆ ಕಲ್ಲನ್ನು ಗುರುತಿಟ್ಟು, ಅದರ ಹಿಂದೆ ಗೇಣು ಗೇಣಿಗೆ ಒಂದರಂತೆ ಮೂರು ಕಡ್ಡಿ ನೆಟ್ಟಿದ್ದೆ. ಮೇಲೆ ಹೋದ ಮೇಲೂ ನಿದ್ದೆ ಬರಲಿಲ್ಲ. ಹೊಳೆಯ ಸದ್ದು ಬದಲಾಯಿತೇ, ತಳದಲ್ಲಿ ಕಲ್ಲಿಗೆ ಕಲ್ಲು ತಾಕುವ ಗುಡುಗುಡು ಕೇಳುತ್ತಿದೆಯೇ ಎಂದು ಕಿವಿಗೊಟ್ಟು ಮಲಗಿದ್ದೆ. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ನೀರು ಏರದಿರಲಿ ಎಂದಲ್ಲ. ಸ್ವಲ್ಪ ಏರಲಿ, ಯಾರಿಗೂ ಏನೂ ಆಗದಷ್ಟು, ಆದರೆ ಆ ಐವರು ಒದ್ದೆಯಾಗಿ ಒದರಿಕೊಂಡು ನನ್ನ ಮರದಡಿಗೆ ಓಡಿಬರುವಷ್ಟು ಏರಲಿ ಎಂದು ನಾನು ಹಾರೈಸುತ್ತಿದ್ದೆ. ಹೊಳೆಯನ್ನು ಗೌರವಿಸಿ ಎಂದು ಸಂಜೆಯೆಲ್ಲ ಭಾಷಣ ಮಾಡಿದವನೇ ಅದನ್ನು ನನ್ನ ಪರವಾಗಿ ಸಾಕ್ಷಿ ಹೇಳಲು ಕರೆಯುತ್ತಿದ್ದೆ. ಆ ಹಾರೈಕೆ ನನಗೇ ಕೇಳಿಸಿದಾಗ ಎದ್ದು ಕೂತೆ, ಟಾರ್ಚ್ ಹಿಡಿದು ಎರಡು ಸಲ ಕೆಳಗಿಳಿದು ಬಂದೆ. ಎರಡನೆಯ ಸಲ ಬಿಳಿ ಪಟ್ಟೆಯ ಕಲ್ಲು ಕಾಣಲಿಲ್ಲ. ಮೊದಲ ಕಡ್ಡಿಯೂ ಇರಲಿಲ್ಲ. ಡೇರೆಗಳೊಳಗಿಂದ ಗೊರಕೆ ಮಾತ್ರ ಕೇಳುತ್ತಿತ್ತು. ಎಬ್ಬಿಸಿದೆ, ಬೈಸಿಕೊಂಡೆ, ಎರಡನೆಯ ಕಡ್ಡಿ ಮುಳುಗಿದರೆ ಎಳೆದೇ ಹಾಕುತ್ತೇನೆಂದು ಅಲ್ಲೇ ಬಂಡೆಯ ಮೇಲೆ ಬೆಳಗಿನವರೆಗೆ ಕೂತೆ. ಅದು ಮುಳುಗಲಿಲ್ಲ.

ಬೆಳಗ್ಗೆ ಹೆಡ್‌ಫೋನಿನವನ ಒಂದು ಚಪ್ಪಲಿ ಸಿಗಲಿಲ್ಲ. ನಾಯಿ ಎತ್ತಿಕೊಂಡು ಹೋಗಿರಬೇಕೆಂದು ತೀರ್ಮಾನವಾಯಿತು. ನಾಯಿಯನ್ನು ಯಾರೂ ನೋಡಿರಲಿಲ್ಲ. ನಾನು ಏನೂ ಹೇಳಲಿಲ್ಲ, ಇದನ್ನು ದಯವಿಟ್ಟು ನನ್ನ ಸದ್ಗುಣಗಳ ಲೆಕ್ಕದಲ್ಲಿ ಬರೆದುಕೊಳ್ಳಿ. ಶಿಬಿರದ ಕೆಲಸದ ಹುಡುಗ ಮಾತ್ರ, ಯಾರೂ ಹೇಳದೆಯೇ, ಮುಂದಿನ ಸಾಲಿನ ಡೇರೆಗಳ ಗೂಟ ಕಿತ್ತು ಹತ್ತು ಹೆಜ್ಜೆ ಹಿಂದಕ್ಕೆ ಸರಿಸಿದ. ಅವನಿಗೆ ಹೊಳೆ ಗೊತ್ತಿತ್ತು. ಎರಡನೆಯ ರಾತ್ರಿ ಅವನೂ ನಾನೂ ಬಿಟ್ಟರೆ ಯಾರೂ ಕಡ್ಡಿಗಳನ್ನು ನೋಡಲು ಹೋಗಲಿಲ್ಲ.

ಮೂರನೆಯ ದಿನ ಬೆಳಗ್ಗೆ ಹೊಳೆ ಮತ್ತೆ ಇಳಿದಿತ್ತು, ಬಿಳಿ ಪಟ್ಟೆಯ ಕಲ್ಲು ಒಣಗಿ ಹೊಳೆಯುತ್ತಿತ್ತು. ನಾವು ಸಾಮಾನು ತುಂಬುತ್ತಿರುವಾಗ ಮೇಲೆ ರಸ್ತೆಯಲ್ಲಿ ಹೊಸದೊಂದು ಗುಂಪಿನ ವಾಹನ ಬಂದು ನಿಂತಿತು, ಕ್ಯಾಮರಾಗಳು ಮೊದಲು ಇಳಿದವು, ಜನ ಆಮೇಲೆ. ಉಸ್ತುವಾರಿಯವರು ಕೆಳಗೆ ನೋಡಿ ಒಂದು ಸಿಳ್ಳೆ ಹಾಕಿದರು. ಹುಡುಗ ಡೇರೆಗಳನ್ನು ಎತ್ತಿಕೊಂಡು ನೀರಿನ ಕಡೆ ನಡೆದ. ಗೂಟ ಹೊಡೆಯಲು ಅವನು ಸುತ್ತಿಗೆ ಎತ್ತಬೇಕಾಗಲಿಲ್ಲ, ಹಳೆಯ ತೂತುಗಳು ಇನ್ನೂ ಹಾಗೆಯೇ ಇದ್ದವು.