ಪೊರಕೆ ಎಲ್ಲಿಡೋದು?

ಭಾನುವಾರ ಬೆಳಿಗ್ಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಕಾಣೆ. ಭಾನುವಾರದ ಪಾತ್ರೆ ನನ್ನ ಪಾಲಿನದು, ಹಾಗಾಗಿ ಹುಡುಕುವ ಕರ್ಮವೂ ನನ್ನದೇ. ಸಿಂಕಿನ ಕೆಳಗೆಲ್ಲ ಜಾಲಾಡಿ ಊಟದ ಮೇಜಿನ ಹತ್ತಿರ ಬಂದರೆ ಅಲ್ಲಿತ್ತು. ಚೂರುಚೂರಾಗಿ, ಅಗರಬತ್ತಿ ಕಡ್ಡಿಗಳ ತುದಿಯಲ್ಲಿ ಸಾಲುಮರಗಳಾಗಿ ನಿಂತಿತ್ತು.

ತಮ್ಮನ ಮಗಳು ಎಂ.ಆರ್ಕ್, ಅಂದರೆ ವಾಸ್ತುಶಿಲ್ಪದ ಸ್ನಾತಕೋತ್ತರ, ಓದಲು ನಮ್ಮಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಅಂದಿನಿಂದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ. ಮೇಜು ಪೂರ್ತಿ ಕಟ್ಟಡದ ಮಾಡೆಲ್ ಮಾಡುವ ಸನ್‌ಬೋರ್ಡು, ಕಟರು, ಫೆವಿಕ್ವಿಕ್ಕು. ಕಳೆದ ಸೆಮಿಸ್ಟರು ಮುಚ್ಚಿಹೋದ ಮಂಗಳೂರು ಹಂಚಿನ ಕಾರ್ಖಾನೆಯನ್ನು ಮ್ಯೂಸಿಯಂ ಮಾಡುವ ಪ್ರಾಜೆಕ್ಟು. 1865ರಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಕಾರ್ಖಾನೆ ತೆರೆದದ್ದರಿಂದ ಹಿಡಿದು ಇಡೀ ಚರಿತ್ರೆಯನ್ನು ಉಪ್ಪಿಟ್ಟಿನ ಜತೆ ಬಡಿಸಿದ್ದಳು. ಕೊನೆಗೆ ಮ್ಯೂಸಿಯಂ ಪಕ್ಕ ಒಂದು ಕೆಫೆ, ಒಂದು ಬಯಲು ರಂಗಮಂದಿರ. ಇವರ ಕ್ಲಾಸಿನಲ್ಲಿ ಆಸ್ಪತ್ರೆಗೂ ಬಯಲು ರಂಗಮಂದಿರ, ಬಸ್ ನಿಲ್ದಾಣಕ್ಕೂ ಬಯಲು ರಂಗಮಂದಿರ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಆ ಮೆಟ್ಟಿಲ ಮೇಲೆ ಕೂರುವ ಭೂಪ ಯಾರೋ!

ಈ ಸಲ ವಸತಿ ಸಮುಚ್ಚಯ. "ಟ್ರಾನ್ಸಿಷನಲ್ ಸ್ಪೇಸ್ ಅಂತ ದೊಡ್ಡಪ್ಪ, ಒಳಗೂ ಅಲ್ಲ, ಹೊರಗೂ ಅಲ್ಲ." "ಜಗಲಿ" ಅಂದೆ. ಬರೆದುಕೊಂಡಳು. ನಾನು ಬೆಳೆದದ್ದು ತೊಟ್ಟಿಮನೆಯಲ್ಲಿ ಎಂದು ನೆನಪಾದ ಮೇಲಂತೂ ನಾನೇ ಕೇಸ್ ಸ್ಟಡಿ. "ಆ ತೊಟ್ಟಿ ನೋಡಿದ್ರೆ ನಿಮಗೇನು ಅನ್ನಿಸ್ತಿತ್ತು?"

ಪಾಚಿ ಅನ್ನಿಸುತ್ತಿತ್ತು. ಮತ್ತೇನು?

ಸೋದರತ್ತೆಯನ್ನು ನೋಡಲು ಅರಸೀಕೆರೆಯಿಂದ ಗಂಡಿನ ಕಡೆಯವರು ಬಂದ ದಿನ ಜಡಿಮಳೆ. ನಾಲ್ಕೂ ಸೂರಿನಿಂದ ನೀರು ತೊಟ್ಟಿಗೆ ಧುಮುಕುತ್ತಿತ್ತು. ತಾಮ್ರದ ಹಂಡೆ, ಕೊಳಗ, ಸಿಕ್ಕಿದ್ದನ್ನೆಲ್ಲ ಕೆಳಗಿಟ್ಟಿದ್ದರು. ಗಂಡಿನ ತಂದೆ ಗಂಜಿ ಹಾಕಿದ ಪಂಚೆಯ ಅಜಾನುಬಾಹು. ಎಲ್ಲರೂ ಕಂಬದ ಬದಿಯಲ್ಲಿ ಬಳಸಿಕೊಂಡು ಹೋಗುತ್ತಿದ್ದರೆ, ಮಳೆ ಹನಿ ಕಡಿಮೆಯಾದ ಸಮಯ ನೋಡಿ ಇವರು ಕೇಸರಿಬಾತಿನ ತಟ್ಟೆ ಹಿಡಿದು ತೊಟ್ಟಿಯೊಳಗೇ ಇಳಿದರು. ಎರಡನೇ ಹೆಜ್ಜೆಗೆ ಪಾಚಿ. ಕೂತ ಭಂಗಿಯಲ್ಲೇ ಈ ತುದಿಯಿಂದ ಆ ತುದಿಗೆ ಜಾರಿ, ಹಂಡೆಗೆ ಢಣ್ಣೆಂದು ತಾಗಿ ನಿಂತರು. ತಟ್ಟೆ ಮಾತ್ರ ನೆಟ್ಟಗೆ ಮೇಲೇ ಇತ್ತು. ಗೋಡಂಬಿ ಕೂಡ ಚೆಲ್ಲಿರಲಿಲ್ಲ. ಯಾರೂ ನಗಲಿಲ್ಲ. ಅಜ್ಜ ಎರಡು ಸಲ ಕೆಮ್ಮಿದರು. ಆಗ ಅಡುಗೆಮನೆಯ ಕತ್ತಲೊಳಗಿಂದ ಕಿಸಕ್ಕೆಂದದ್ದು ಸಾಕ್ಷಾತ್ ಮದುಮಗಳು! ಸಂಬಂಧ ಮುರಿಯಿತು ಎಂದೇ ಎಲ್ಲರೂ ತಿಳಿದರು, ಮುರಿಯಲಿಲ್ಲ. ಆದರೆ ಆ ಬೀಗರು ಆಮೇಲೆ ಬಂದಾಗಲೆಲ್ಲ, ಏಪ್ರಿಲ್ ತಿಂಗಳ ಬಿಸಿಲಿನಲ್ಲೂ, ಒಂದೊಂದೇ ಕಂಬ ಮುಟ್ಟಿಕೊಂಡು ನಾಲ್ಕು ಬದಿಯನ್ನೂ ಸುತ್ತಿಯೇ ಊಟಕ್ಕೆ ಹೋಗುತ್ತಿದ್ದರು.

ಇಷ್ಟು ಹೇಳಿ ಅವಳ ನೋಟ್‌ಬುಕ್ ಇಣುಕಿದೆ. "ತೊಟ್ಟಿ: ಓಡಾಟ ಸುತ್ತಲಿನಿಂದ" ಎಂದು ಬರೆದಿತ್ತು.

ಒಳ್ಳೆಯ ಕಟ್ಟಡ ಕಂಡರೆ ನನಗೂ ಖುಷಿಯೇ. ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಲು ಅವಳ ಜತೆ ಹೋಗಿದ್ದೆ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಪಡೆದ ಬಿ.ವಿ. ದೋಶಿಯವರು ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಒರಟು ಕಲ್ಲಿನ ಗೋಡೆ, ಮೇಲೆ ಬರೀ ತೊಲೆಗಳ ಚಪ್ಪರ, ನೆಲದ ಮೇಲೆ ಬಿಸಿಲಿನ ಪಟ್ಟೆ. ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂತಿದ್ದೆ, ಅದೇ ದೊಡ್ಡ ಮಾತು.

ಆದರೆ ಮೇಜಿನ ಮೇಲಿನ ಮಾಡೆಲ್ ಕಂಡರೆ ಮೈಯುರಿಯುತ್ತದೆ. ನೂರರಲ್ಲೊಂದು ಅಳತೆ, ಒಂದೂಮುಕ್ಕಾಲು ಸೆಂಟಿಮೀಟರಿನ ಬಿಳಿ ಮನುಷ್ಯರು ಅಲ್ಲಲ್ಲಿ ಸುಮ್ಮನೆ ನಿಂತಿರುತ್ತಾರೆ. ಒಬ್ಬರ ಕೈಯಲ್ಲೂ ತರಕಾರಿ ಚೀಲವಿಲ್ಲ. ಮನೆಯಲ್ಲಿ ಸಿಲಿಂಡರ್ ಇಲ್ಲ, ನೆಲ ಒರೆಸುವ ಬಕೆಟ್ ಇಲ್ಲ.

"ಪೊರಕೆ ಎಲ್ಲಿಡೋದಮ್ಮ?"

"ಸ್ಟೋರೇಜ್ ಇದೆಯಲ್ಲ ದೊಡ್ಡಪ್ಪ."

ನಮ್ಮ ಫ್ಲ್ಯಾಟು ಮಾಡಿದ ಪುಣ್ಯಾತ್ಮರೂ ಹೀಗೇ ಹೇಳಿರಬೇಕು. ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಕೂರುತ್ತದೆ, ಮುಚ್ಚಳ ತೆರೆಯುವುದಿಲ್ಲ. ಪೊರಕೆ ಹನ್ನೊಂದು ವರ್ಷದಿಂದ ಮಲಗುವ ಕೋಣೆಯ ಬಾಗಿಲ ಹಿಂದೆ ನಿಂತಿದೆ. ರಾತ್ರಿ ನೀರು ಕುಡಿಯಲು ಎದ್ದಾಗಲೆಲ್ಲ ದಬಕ್ಕನೆ ಬೀಳುತ್ತದೆ, ಹೆಂಡತಿ "ಯಾರು?" ಅನ್ನುತ್ತಾಳೆ, ನಾನು "ಪೊರಕೆ" ಅನ್ನುತ್ತೇನೆ. ದಾಂಪತ್ಯದ ಎಷ್ಟೋ ಸಂಭಾಷಣೆ ಇಷ್ಟರಲ್ಲೇ ಮುಗಿದಿದೆ.

ಇದನ್ನೆಲ್ಲ ಜೋರಾಗಿಯೇ ಹೇಳಿದೆ. ಅವಳು ಬ್ಲೇಡಿನಿಂದ ತಲೆಯೆತ್ತದೆ ಕೇಳಿದಳು, "ಮತ್ತೆ ಊರಿನ ಮನೇಲಿ ಪೊರಕೆ ಎಲ್ಲಿಡ್ತಿದ್ರು?"

ಕಂಬ ಎಷ್ಟು, ಯಾವ ಕಂಬದಲ್ಲಿ ಗೆದ್ದಲು, ಯಾವ ಮೂಲೆಯಲ್ಲಿ ಬೆಕ್ಕು ಮರಿ ಹಾಕಿತ್ತು, ಎಲ್ಲ ಹೇಳಬಲ್ಲೆ. ಪೊರಕೆ ಮಾತ್ರ ನೆನಪಿಗೆ ಬರಲೊಲ್ಲದು. ತಂಗಿಗೆ ಫೋನ್ ಮಾಡಿದೆ. "ಅಯ್ಯೋ, ನಿನಗೆಲ್ಲಿ ಗೊತ್ತಿರಬೇಕು ಅಣ್ಣ!" ಎಂದು ನಕ್ಕಳು. ಆಮೇಲೆ ಸೊಸೆಯ ವಿಷಯ ಎತ್ತಿದಳು, ಅರ್ಧ ಗಂಟೆ ಮಾತಾಡಿದಳು, ಪೊರಕೆಯ ಜಾಗ ಹೇಳದೆಯೇ ಫೋನಿಟ್ಟಳು.

ನಾಳೆ ತಮ್ಮನ ಮಗಳ ಜ್ಯೂರಿ, ಅಂದರೆ ಮಾಡೆಲ್ ಮುಂದಿಟ್ಟುಕೊಂಡು ಪರೀಕ್ಷಕರಿಗೆ ಉತ್ತರ ಕೊಡುವ ದಿನ. ಸಂಜೆ ಅಂಗಡಿಗೆ ಹೋಗಿ ಸ್ಕ್ರಬ್ಬರು ತಂದೆ, ಮೂರರ ಪ್ಯಾಕು. ಒಂದನ್ನು ಆಗಲೇ ಉದ್ಯಾನಕ್ಕೆಂದು ಎತ್ತಿಕೊಂಡಿದ್ದಾಳೆ.