ಎರಡನೇ ಬೀಗದ ಕೈ

ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ಮಗಳ ಮೆಸೇಜ್ ಬಂತು. "ಅಮ್ಮಾ, ಮಲ್ಕೊಂಡ್ಯಾ?"

ಮನೆ ಬಿಟ್ಟು ಓದಲು ಹೋದ ಮಕ್ಕಳು ಅಷ್ಟು ಹೊತ್ತಿನಲ್ಲಿ ಹೀಗೆ ಕೇಳಿದರೆ ಅದಕ್ಕೆ ಎರಡೇ ಅರ್ಥ. ಒಂದು ಜ್ವರ, ಇನ್ನೊಂದು ಫೀಸು. ಜ್ವರ ಬಂದಿದ್ದರೆ ಫೋನೇ ಮಾಡುತ್ತಿದ್ದಳು. ಕನ್ನಡಕ ತಡಕಾಡಿಕೊಂಡು ಎದ್ದು ಕೂತೆ.

"ಸೆಮಿಸ್ಟರ್ ಫೀಸ್ ಕಟ್ಟೋಕೆ ಇವತ್ತೇ ಲಾಸ್ಟ್ ಡೇಟ್ ಅಂತೆ."

ಆ 'ಅಂತೆ' ನೋಡಿ. ಯಾರೋ ದಾರಿಹೋಕರು ಈಗಷ್ಟೇ ಅವಳ ಕಿವಿಯಲ್ಲಿ ಉಸುರಿ ಹೋದ ಹಾಗೆ! ನೋಟಿಸ್ ಹಾಕಿ ತಿಂಗಳಾಗಿತ್ತು, ನಡುವೆ ಎರಡು ಸಲ ನೆನಪೂ ಮಾಡಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಗೊತ್ತಾಗಿ ಏನು ಬಂತು? ಉಳಿದದ್ದು ಮುಕ್ಕಾಲು ಗಂಟೆ.

ಲ್ಯಾಪ್‌ಟಾಪ್ ತೆರೆದೆ. ಅವಳ ರಿಜಿಸ್ಟರ್ ನಂಬರಿನ ನಡುವೆ ಇರುವುದು ಸೊನ್ನೆಯೋ, ಇಂಗ್ಲಿಷಿನ 'ಓ' ಅಕ್ಷರವೋ ಅನ್ನುವುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ದಾಟಿದರೆ, ನಾನು ರೋಬೋ ಅಲ್ಲ ಅಂತ ಸಾಬೀತು ಮಾಡಬೇಕು. ಮಸುಕು ಮಸುಕು ಚಿತ್ರಗಳಲ್ಲಿ ಬಸ್ಸು ಎಲ್ಲೆಲ್ಲಿದೆ ಹುಡುಕಿ ಅಂತಾರೆ. ಅರ್ಧ ಚಕ್ರ ಕಂಡರೆ ಅದನ್ನು ಬಸ್ಸು ಅನ್ನಬೇಕೋ ಬೇಡವೋ? ಅಷ್ಟಕ್ಕೂ, ಯಾವುದಾದರೂ ರೋಬೋ ಬಂದು ನಮ್ಮ ಮಗಳ ಫೀಸ್ ಕಟ್ಟುತ್ತೇನೆ ಅಂದರೆ ಕಟ್ಟಲಿ ಬಿಡಿ. ನಾವೇನು ಬೇಡ ಅಂತೀವಾ?

ಆಮೇಲೆ ಪಟ್ಟಿ. ಲೈಬ್ರರಿ ಫೀಸು, ಸರಿ. ಕ್ರೀಡಾ ಶುಲ್ಕ, ನಮ್ಮವಳು ಲಿಫ್ಟಿಗೂ ಓಡುವವಳಲ್ಲ, ಇರಲಿ. ಹಳೆ ವಿದ್ಯಾರ್ಥಿಗಳ ಸಂಘದ ಶುಲ್ಕ ಅಂತ ಒಂದಿದೆ. ಇನ್ನೂ ಹೊಸ ವಿದ್ಯಾರ್ಥಿಯೇ ಪಾಸಾಗಬೇಕು ಸ್ವಾಮಿ. ಕೊನೆಯಲ್ಲಿ 'ಇತರೆ'. ಈ ಇತರೆ ಅನ್ನುವುದು ಹೆಸರಿರುವ ಎಷ್ಟೋ ಶುಲ್ಕಗಳಿಗಿಂತ ದಪ್ಪಗಿದೆ. ಇದೆಲ್ಲದರ ಕೆಳಗೆ ಕನ್ವೀನಿಯನ್ಸ್ ಫೀ. ಯಾರ ಕನ್ವೀನಿಯನ್ಸು? ನಿದ್ದೆಗಣ್ಣಿನಲ್ಲಿ ಬಸ್ಸು ಹುಡುಕಿದವಳು ನಾನು.

ಇರಲಿ, ಇದೆಲ್ಲ ನಾನೊಬ್ಬಳೇ ಸಹಿಸಬಹುದಾದ ಕಷ್ಟ. ನಿಜವಾದ ಕಷ್ಟ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿತ್ತು.

ಮಗಳ ಓದಿಗೆ ಅಂತ ಕೂಡಿಟ್ಟ ಖಾತೆ ಇವರ ಹೆಸರಿನಲ್ಲಿದೆ. ಪಾಸ್‌ವರ್ಡ್ ಗೊತ್ತಿರುವುದು ನನಗೆ, ಇವರಿಗೆ ನೆನಪಿರುವುದಿಲ್ಲ. ಓಟಿಪಿ ಬರುವುದು ಇವರ ಫೋನಿಗೆ, ಅದನ್ನು ಇವರು ಯಾರ ಕೈಗೂ ಕೊಡುವುದಿಲ್ಲ.

"ರೀ, ಏಳಿ. ಓಟಿಪಿ ಬಂದಿದೆ."

ಎದ್ದರು. ದೀಪ ಹಾಕಿದರು. ಕನ್ನಡಕ ಹುಡುಕಿದರು. ಒರೆಸಿದರು. ಒಂದು ಸಲ ಊದಿ ಮತ್ತೆ ಒರೆಸಿದರು. ಸ್ಕ್ರೀನಿನಲ್ಲಿ ಮೂರು ನಿಮಿಷದ ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

ಬೇರೆಯವರ ಮನೆಯಲ್ಲಿ ಓಟಿಪಿ ಅಂದರೆ ಆರು ಅಂಕಿ. ನಮ್ಮ ಮನೆಯಲ್ಲಿ ಅದು ಪಾರಾಯಣ. ಇವರು ಮೆಸೇಜನ್ನು ಮೊದಲ ಅಕ್ಷರದಿಂದಲೇ ಓದಬೇಕು. "ಪ್ರಿಯ ಗ್ರಾಹಕರೇ," ಅಂತ ಶುರು ಮಾಡಿದರು.

"ನಂಬರ್ ಹೇಳಿ ರೀ."

"ಇರೇ, ಅಲ್ಲಿಗೇ ಬರ್ತಾ ಇದೀನಿ. ಖಾತೆಯ ಕೊನೆಯ ನಾಲ್ಕು ಅಂಕಿ... ಇದು ನಮ್ಮದೇನಾ ನೋಡು."

"ನಮ್ಮದೇ."

"ನೋಡದೇ ಹೇಳ್ತೀಯಲ್ಲ?" ಆಮೇಲೆ ಮೊತ್ತ ಓದಿದರು. ಪಾಯಿಂಟ್ ಆದಮೇಲೆ ಬರುವ ಎರಡು ಸೊನ್ನೆಗಳನ್ನೂ ಬಿಡಲಿಲ್ಲ. ಮೊತ್ತ ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. "ಹೋದ ಸಲ ಇಷ್ಟಿರಲಿಲ್ಲ ಅಲ್ವಾ?" ಅಂದರು. ಇರಲಿಲ್ಲ. ಅದನ್ನು ಚರ್ಚೆ ಮಾಡುವ ಸಮಯ ಇದಲ್ಲ ಅಂದೆ. ಕೊನೆಗೆ ನಂಬರಿಗೆ ಬಂದರು. "ನಾಲ್ಕು. ಏಳು. ಏಳು. ಇದು ಎರಡನೇ ಏಳು, ಮೊದಲನೇದನ್ನೇ ಇನ್ನೊಂದು ಸಲ ಹೇಳಿದ್ದಲ್ಲ..."

ಸಮಯ ಮುಗಿಯಿತು.

ಎರಡನೇ ಓಟಿಪಿ ತರಿಸಿದೆ. ಈ ಸಲ ತಕ್ಷಣ ಓದಿದರು. ಎಷ್ಟು ಸ್ಪಷ್ಟವಾಗಿ, ಎಷ್ಟು ಚುರುಕಾಗಿ! ಒತ್ತಿದೆ. ತಪ್ಪು ಅಂತ ಕೆಂಪಗೆ ಬಂತು. ಓದಿದ್ದು ಹಳೆಯ ಮೆಸೇಜು.

ಮೂರನೆಯದು ಬರುವ ಹೊತ್ತಿಗೆ ಹನ್ನೊಂದು ನಲವತ್ತೆಂಟು. ಇನ್ನೊಂದು ಸಲ ತಪ್ಪಿದರೆ ಖಾತೆ ಲಾಕ್ ಮಾಡುತ್ತೇವೆ ಅಂತ ಬ್ಯಾಂಕಿನವರು ಹೆದರಿಸಿದ್ದರು. ಇವರು ಮೆಸೇಜನ್ನು ಪೂರ್ತಿ ಮನಸ್ಸಿನಲ್ಲೇ ಓದಿಕೊಂಡು ಹುಬ್ಬು ಗಂಟಿಕ್ಕಿದರು. "ಇದನ್ನು ಯಾರಿಗೂ ಹೇಳಬೇಡಿ ಅಂತ ಬರೆದಿದ್ದಾರಲ್ಲೇ."

ಇಷ್ಟು ವರ್ಷದ ಸಂಸಾರದಲ್ಲಿ ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡ ದಿನಗಳು ಎಷ್ಟೋ ಇವೆ. ನಿನ್ನೆಯದನ್ನು ಅದರಲ್ಲಿ ಸೇರಿಸಬೇಡಿ.

ಕೊನೆಗೆ ಒಂದು ರಾಜಿ ಆಯಿತು. ನನಗೆ ಹೇಳುವುದಿಲ್ಲ, ತಾವೇ ಬಂದು ಒತ್ತುತ್ತಾರೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕೂತು, ಎಡಗೈಯಿಂದ ಫೋನಿಗೆ ಮರೆ ಮಾಡಿಕೊಂಡು, ಬಲಗೈಯ ತೋರುಬೆರಳಿನಿಂದ ಒಂದೊಂದೇ ಅಂಕಿ ಒತ್ತಿದರು. ಒಂದೊಂದು ಸಲ ಒತ್ತಿದಾಗಲೂ ತಲೆ ಎತ್ತಿ ಸ್ಕ್ರೀನ್ ನೋಡುವುದು, ತಗ್ಗಿಸಿ ಫೋನ್ ನೋಡುವುದು. ಆರಕ್ಕೆ ಆರೂ ಸರಿಬಂದವು. ಚಕ್ರ ತಿರುಗಿತು. ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ ಅಂತ ಬಂತು. ಇಬ್ಬರೂ ಉಸಿರನ್ನೂ ರಿಫ್ರೆಶ್ ಮಾಡದೆ ಕೂತೆವು.

ಹಣ ಹೋಯಿತು ಅಂತ ಬ್ಯಾಂಕಿನಿಂದ ಮೆಸೇಜು ಬಂತು. ಹಣ ಬಂತು ಅಂತ ಯೂನಿವರ್ಸಿಟಿ ಹೇಳಲಿಲ್ಲ. 'ಪೆಂಡಿಂಗ್' ಅಂತಷ್ಟೇ ತೋರಿಸಿತು. ಅಷ್ಟು ದೊಡ್ಡ ಮೊತ್ತ ಎರಡರ ನಡುವೆ ಎಲ್ಲೋ ಬೀದಿಯಲ್ಲಿ ನಿಂತಿತ್ತು.

ಮಗಳಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. ಅವಳು ಓದುತ್ತಿರುವುದು ಇತಿಹಾಸ. ಇತಿಹಾಸ ಓದುವ ಮಕ್ಕಳ ತೊಂದರೆ ಏನಂದರೆ, ಅವರು ಮಾಡಿದ ಯಾವ ತಪ್ಪಿಗೂ ಹಳೆಯ ಉದಾಹರಣೆ ಸಿಕ್ಕಿಬಿಡುತ್ತದೆ.

"ಸುಮ್ನೆ ಬೈಬೇಡ ಅಮ್ಮಾ. ಯೂನಿವರ್ಸಿಟಿಗಳು ಶುರುವಾದಾಗಿನಿಂದ ಹೀಗೇ" ಅಂದಳು. ಮಧ್ಯಯುಗದ ಯೂರೋಪಿನಲ್ಲಿ ಓದಲು ಹೋದವರು ಅಪ್ಪನಿಗೆ ಹಣ ಕೇಳಿ ಬರೆಯಲೆಂದೇ ಮಾದರಿ ಪತ್ರಗಳಿದ್ದವಂತೆ. ಪಟ್ಟಣ ಬಲು ದುಬಾರಿ, ಬಾಡಿಗೆ ಕಟ್ಟಬೇಕು, ಬೇರೆ ಖರ್ಚೂ ಇವೆ, ದಯವಿಟ್ಟು ಕಳಿಸಿ. ಅಪ್ಪಂದಿರು ಬರೆಯುವ ಉತ್ತರಕ್ಕೂ ಮಾದರಿ ಇತ್ತಂತೆ. ಆರ್ಲಿಯಾನ್ಸ್‌ನಲ್ಲಿದ್ದ ಮಗನಿಗೆ ಒಬ್ಬ ಅಪ್ಪ, ಉಳಿದವರು ಓದುವಾಗ ನೀನು ಗಿಟಾರ್ ಮೀಟುತ್ತಾ ಕೂತಿರುತ್ತೀಯಂತೆ ಅಂತ ಬೈದಿರುವ ಪತ್ರ ಈಗಲೂ ಇದೆಯಂತೆ.

ಇವರು ತಕ್ಷಣ, "ಇವಳೂ ಗಿಟಾರ್ ತಗೊಂಡಿದ್ದಾಳಾ?" ಅಂದರು. ಅಷ್ಟು ಹೊತ್ತಿನ ಮಾತಿನಲ್ಲಿ ಇವರ ಕಿವಿಗೆ ಬಿದ್ದದ್ದು ಅದೊಂದೇ.

ಅವಳು ನಿಲ್ಲಿಸಲಿಲ್ಲ. 1240ರಲ್ಲಿ ಇಂಗ್ಲೆಂಡಿನ ಲಿಂಕನ್‌ನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಆಕ್ಸ್‌ಫರ್ಡಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಸಾಲ ಕೊಡಲು ಒಂದು ಪೆಟ್ಟಿಗೆ ಇಡಿಸಿದರಂತೆ. ಬಡ್ಡಿ ಇಲ್ಲ, ಆದರೆ ಪುಸ್ತಕವನ್ನೋ ಬಟ್ಟೆಯನ್ನೋ ಅಡವಿಡಬೇಕು. (ಓದಲು ಸಾಲ, ಸಾಲಕ್ಕೆ ಪುಸ್ತಕ ಅಡವು. ಆಮೇಲೆ ಏನನ್ನು ಓದುವುದು?) ಮುಂದೆ ಇಂಥ ಪೆಟ್ಟಿಗೆಗಳು ಜಾಸ್ತಿಯಾದವು. ಅವಕ್ಕೆ ಒಂದಕ್ಕಿಂತ ಹೆಚ್ಚು ಬೀಗ, ಬೀಗದ ಕೈಗಳು ಬೇರೆ ಬೇರೆಯವರ ಹತ್ತಿರ. ಎಲ್ಲರೂ ಒಟ್ಟಿಗೆ ಬಂದು ನಿಂತರೆ ಮಾತ್ರ ತೆಗೆಯಬಹುದಿತ್ತು.

ನನಗೆ ಆ ಕಾಲದವರ ಮೇಲೆ ತುಂಬಾ ಮರುಕ ಬಂತು. ಒಂದು ಬೀಗದ ಕೈ ಹಿಡಿದುಕೊಂಡು ಪೆಟ್ಟಿಗೆಯ ಮುಂದೆ ಅವಸರದಲ್ಲಿ ನಿಂತವರು ಒಬ್ಬರು. ಇನ್ನೊಂದು ಬೀಗದ ಕೈ ಸೊಂಟದಲ್ಲಿಟ್ಟುಕೊಂಡು, ಕನ್ನಡಕ ಒರೆಸುವುದಕ್ಕೂ ಇಲ್ಲದೆ, ಬಾಗಿಲಿನ ಮೇಲೆ ಬರೆದ ನಿಯಮಗಳನ್ನು ಮೊದಲಿನಿಂದ ಓದುತ್ತಾ ಬರುತ್ತಿರುವವರು ಇನ್ನೊಬ್ಬರು. ಇದ್ದೇ ಇರುತ್ತಾರೆ.

ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ನನ್ನ ಅಪ್ಪ ನೆನಪಾದರು. ನನ್ನ ಫೀಸ್ ಕಟ್ಟಲು ಅವರೇ ಬರುತ್ತಿದ್ದರು. ಕೌಂಟರಿನ ಮುಂದೆ ನಿಂತು, ಹೆಬ್ಬೆರಳು ಒದ್ದೆ ಮಾಡಿಕೊಂಡು ನೋಟು ಎಣಿಸುತ್ತಿದ್ದರು. ಒಂದು ಸಲವಲ್ಲ, ಮೂರು ಸಲ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ಕ್ಯೂನಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರು. ನಾನು ದೂರದಲ್ಲಿ, ಈ ಮನುಷ್ಯ ಯಾರೋ ಅನ್ನುವ ಹಾಗೆ ನೋಟಿಸ್ ಬೋರ್ಡ್ ಓದುತ್ತಾ ನಿಂತಿರುತ್ತಿದ್ದೆ. ಎಷ್ಟು ಸಲ ಎಣಿಸಿದರೂ ಅಷ್ಟೇ ಇರುತ್ತೆ, ಕೊಟ್ಟುಬಿಡಬಾರದಾ ಅಂತ ಸಿಟ್ಟು ಬರುತ್ತಿತ್ತು. ಎಣಿಸುತ್ತಿದ್ದಷ್ಟು ಹೊತ್ತು ಆ ದುಡ್ಡು ಇನ್ನೂ ಅವರ ಕೈಯಲ್ಲೇ ಇರುತ್ತಿತ್ತು ಅನ್ನುವುದು ಆಗ ಹೊಳೆದಿರಲಿಲ್ಲ.

ರಾತ್ರಿ ಎರಡು ಗಂಟೆಗೆ ರಸೀದಿ ಬಂತು. ಇವರು ಎದ್ದೇ ಇದ್ದರು. ಅದನ್ನೂ ಮೇಲಿನಿಂದ ಓದಿದರು, ಪಾಯಿಂಟ್ ಸೊನ್ನೆ ಸೊನ್ನೆ ಸಮೇತ. ಕೆಳಗೆ ಸಣ್ಣಕ್ಷರದಲ್ಲಿ 'ಪರೀಕ್ಷಾ ಶುಲ್ಕ ಪ್ರತ್ಯೇಕ' ಅಂತ ಇರುವುದನ್ನು ಕಂಡುಹಿಡಿದವರೂ ಇವರೇ. ನಾನಾಗಿದ್ದರೆ ಅಲ್ಲಿಯವರೆಗೆ ಓದುತ್ತಲೇ ಇರಲಿಲ್ಲ.

ಬೆಳಿಗ್ಗೆ ಏಳುತ್ತಲೇ ಮಗಳಿಗೆ ಮೆಸೇಜ್ ಹಾಕಿದೆ. "ಪರೀಕ್ಷಾ ಫೀಸಿಗೆ ಲಾಸ್ಟ್ ಡೇಟ್ ಯಾವಾಗ? ಈಗಲೇ ಹೇಳು."

ನೋಡಿದ್ದಾಳೆ. ಉತ್ತರ ಬಂದಿಲ್ಲ. ಇವರು ಸುಮ್ನೆ ಇರಲಿ ಅಂತ ಫೋನ್ ಚಾರ್ಜಿಗೆ ಹಾಕಿದ್ದಾರೆ.